ನುಸಿಗುಳಿಗೆ

ಮಾರ್ಚ್ ೧೭, ಭಾನುವಾರ ಮಧ್ಯಾಹ್ನ

ಚಿನ್ನೀ,

ಕ್ಷೇಮವಾಗಿದ್ದೀಯೆ ಎಂದುಕೊಂಡಿದ್ದೇನೆ. ಹಾಸ್ಟೆಲಿನ ಮಂಚ ಇನ್ನೂ ಕಿರುಗುಟ್ಟುತ್ತಿದೆಯೇ? ಈ ಪತ್ರ ಯಾವತ್ತೋ ಬರೆಯಬೇಕಿತ್ತು. ತಡವಾಗಿದ್ದಕ್ಕೆ ಸೊಂಟನೋವು ಕಾರಣ ಎಂದು ಬರೆದೂ ಇದ್ದೆ. ಆ ಹಾಳೆ ಹರಿದುಹಾಕಿ ಇದನ್ನು ಶುರುಮಾಡಿದ್ದೇನೆ. "ಚಿಕ್ಕಮ್ಮ, ದೊರೆ ಹೇಗಿದ್ದಾನೆ?" ಎಂದು ನೀನು ಫೋನಿನಲ್ಲಿ ಕೇಳಿದಾಗೆಲ್ಲ "ಅವನಿಗೇನು, ದೊರೆ ಹಾಗೇ ಇದ್ದಾನೆ" ಎಂದೆನಲ್ಲ, ಅದು ಸುಳ್ಳು. ನಿನ್ನ ನೀಲಿ ಗಿಳಿ ಸತ್ತುಹೋಯಿತು ಕಣೇ. ನನ್ನ ಕೈಯಿಂದಲೇ ಸತ್ತಿತು.

ನೀನು ನರ್ಸಿಂಗ್ ಓದಲು ಹೋದ ಮೇಲೆ ಅವನ ಕೊಕ್ಕಿನ ಸುತ್ತ ಸುಣ್ಣ ಮೆತ್ತಿದ ಹಾಗೆ ಬಿಳಿ ಪೊರೆ ಕಟ್ಟಿದ್ದು ನಿನಗೆ ಹೇಳಿದ್ದೆ. ಕಾಳಿನ ಹೊಟ್ಟು ಅಂಟಿದೆಯೆಂದು ಒರೆಸಿ ನೋಡಿದೆ, ಹೋಗಲಿಲ್ಲ. ಹಕ್ಕಿ ಡಾಕ್ಟರ ಹತ್ತಿರ ಒಯ್ದೆ. ಆಕೆ ಭೂತಗನ್ನಡಿ ಹಿಡಿದು, "ನುಸಿ ಕಣ್ರೀ, ಚರ್ಮದೊಳಗೆ ಬಿಲ ತೋಡ್ಕೊಂಡು ಕೂತಿದೆ" ಎಂದರು. ಕತ್ತಿನ ಹಿಂದೆ ಪುಕ್ಕ ಬಿಡಿಸಿ ಒಂದು ಹನಿ ಔಷಧ ಬಿಟ್ಟರು. ಪಂಜರವನ್ನು ಬಿಸಿನೀರಲ್ಲಿ ತೊಳೆದು, ಹಳೆಯ ಮರದ ಕಡ್ಡಿ ಎಸೆದು ಹೊಸದು ಹಾಕಿ, ಎರಡು ವಾರ ಬಿಟ್ಟು ಇನ್ನೊಂದು ಹನಿಗೆ ಬನ್ನಿ, ಅಲ್ಲಿಯವರೆಗೆ ಬೇರೇನೂ ಮಾಡಬೇಡಿ ಎಂದರು.

ಏನೂ ಮಾಡದೆ ಕೂರುವ ಜೀವವೇ ನನ್ನದು? ಹುಟ್ಟುಗುಣ ಸುಟ್ಟರೂ ಹೋಗದು. ನಿಮ್ಮಪ್ಪನ ಎರಡನೆಯ ಹೆಂಡತಿಯಾಗಿ ಈ ಮನೆಗೆ ಬಂದ ದಿನವೇ ನಿನ್ನ ಗೊಂಬೆಗಳನ್ನೆಲ್ಲ ಸೋಪಿನಲ್ಲಿ ತಿಕ್ಕಿ ಬಿಸಿಲಿಗೆ ಹಾಕಿದವಳು ನಾನು. ನೀನು ಬಿಕ್ಕಿ ಬಿಕ್ಕಿ ಅತ್ತಿದ್ದೆ. ಅಂಥವಳ ಮನೆಯಲ್ಲಿ ನುಸಿ! ಎದುರುಮನೆಯಾಕೆಯ ಕಿವಿಗೆ ಬಿದ್ದರೆ ಮುಗಿಯಿತು. ಅಲ್ಮೇರಾ ತೆರೆದೆ. ಕಂಬಳಿಗಳ ನಡುವೆ ನುಸಿಗುಳಿಗೆಗಳು ಬೆಳ್ಳಗೆ ಕೂತಿದ್ದವು. ನುಸಿಗೆ ನುಸಿಗುಳಿಗೆ, ಇದನ್ನು ಹೇಳಲು ಡಾಕ್ಟರು ಬೇರೆ ಬೇಕೇ ಎಂದುಕೊಂಡೆ. ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿ ಪಂಜರದ ತಟ್ಟೆಯ ಕೆಳಗಿಟ್ಟು, ಘಾಟು ಆರಬಾರದೆಂದು ಮೇಲೆ ದಪ್ಪ ಚಾದರ ಹೊದಿಸಿದೆ. ನಿಮ್ಮಪ್ಪನ ಮುಂದೆ ಜಂಬ ಕೊಚ್ಚಿಕೊಂಡೆ. "ನಿನ್ ತಲೆನೇ ತಲೆ ಬಿಡು" ಎಂದರು, ಪೇಪರಿನಿಂದ ಕಣ್ಣೆತ್ತದೆ.

ಮರುದಿನ ಚಾದರ ತೆಗೆದರೆ ದೊರೆ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಮುದುಡಿ ಕೂತಿದ್ದ. ಪಂಜರ ಎತ್ತಿಕೊಂಡು ಓಡಿದೆ. ಡಾಕ್ಟರಿಗೆ ಬಾಗಿಲಲ್ಲೇ ವಾಸನೆ ಬಡಿಯಿತು.

"ಯಾರ್ರೀ ಇದನ್ನ ಇಡೋಕೆ ಹೇಳಿದ್ದು?"

"ಯಾರೂ ಹೇಳ್ಲಿಲ್ಲ ಡಾಕ್ಟ್ರೇ. ಹೆಸರಲ್ಲೇ ಇದೆಯಲ್ಲ, ನುಸಿಗುಳಿಗೆ ಅಂತ."

ಔಷಧದ ಕಿಟಕಿಯಲ್ಲಿದ್ದವನು ಕಿಸಕ್ಕೆಂದು ನಕ್ಕ. ಡಾಕ್ಟರು ನಗಲಿಲ್ಲ. "ಅದು ಬಟ್ಟೆ ತಿನ್ನೋ ನುಸಿಗೆ. ಇದು ಬೇರೆ ಹುಳ, ಹೆಸರು ಮಾತ್ರ ಒಂದೇ. ಆ ಘಾಟು ಹಕ್ಕಿಗೆ ವಿಷ ಕಣಮ್ಮ" ಎಂದರು. ಅವರೂ ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಮಧ್ಯಾಹ್ನದ ಹೊತ್ತಿಗೆ ಅಲ್ಲೇ ಬೆಂಚಿನ ಮೇಲೆ, ನನ್ನ ಅಂಗೈಯಲ್ಲಿ, ಅವನು ಹೋದ.

ನಿಮ್ಮಪ್ಪ ಅಂಗಡಿಗಳೆಲ್ಲ ಸುತ್ತಿ ಅದೇ ನೀಲಿಯ ಇನ್ನೊಂದನ್ನು ತಂದರು. "ಅವಳಿಗೇನು ಗೊತ್ತಾಗತ್ತೆ? ಪರೀಕ್ಷೆ ಬೇರೆ ಹತ್ರ ಬಂತು, ಸುಮ್ನಿರು" ಎಂದರು. ಸುಮ್ಮನಿದ್ದೆ. ಮೊನ್ನೆ ವಿಡಿಯೋ ಕಾಲಿನಲ್ಲಿ ನೀನು ಆ ಪರಕೀಯ ಹಕ್ಕಿಗೆ ಮುತ್ತು ಕೊಟ್ಟು, "ಮುಖ ಎಷ್ಟು ಚೆನ್ನಾಗಿ ವಾಸಿಯಾಗಿದೆ! ನೀವಿಲ್ದಿದ್ರೆ ಏನ್ ಗತಿ ಚಿಕ್ಕಮ್ಮ" ಎಂದೆಯಲ್ಲ, ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನಾಚಿಕೆಗೇಡು ಕಣೇ, ಆ ಹೊಗಳಿಕೆಯನ್ನೂ ತೆಗೆದುಕೊಂಡೆ. "ಇರ್ಲಿ ಬಿಡು" ಎಂದೆ.

ಬಂದಾಗ ಬಾಯಿತುಂಬ ಬೈಯಿ. ಬೇಕೆಂದೇ ಮಾಡಿದಳು ಎಂದು ಮಾತ್ರ ತಿಳಿಯಬೇಡ. ಮಲತಾಯಿ ಎಂದರೆ ಜನ ಅಷ್ಟನ್ನು ಕೇಳದೆಯೇ ನಂಬುತ್ತಾರೆ; ನೀನು ನಂಬಿದರೆ ನಾನು ಎಲ್ಲಿಗೆ ಹೋಗಲಿ?

ಪರೀಕ್ಷೆ ಚೆನ್ನಾಗಿ ಬರೆ. ನಿನ್ನ ಕೈಗೆ ಬಂದ ರೋಗಿಗಳೆಲ್ಲ ನಿನ್ನ ಕೈಗುಣದಿಂದ ಎದ್ದು ಓಡಾಡುವಂತಾಗಲಿ. ನೂರು ಕಾಲ ಸುಖವಾಗಿ ಬಾಳು.

ಸದಾ ನಿನ್ನ ಒಳಿತನ್ನೇ ಬಯಸುವ,
ಚಿಕ್ಕಮ್ಮ

ತಾ.ಕ.: ನಿಮ್ಮಪ್ಪನಿಗೂ ಹೇಳದ್ದು ಒಂದಿದೆ. ನೀನು ಹೋದ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ, ದೊರೆಗೆ ಒಂದು ಮಾತು ಕಲಿಸುತ್ತಿದ್ದೆ. ನಿನ್ನ ಧಾಟಿಯಲ್ಲೇ, "ಅಮ್ಮಾ" ಎಂದು. ನೀನು ಹಾಗೆ ಕರೆಯಲಿಲ್ಲ ಎಂಬ ದೂರಲ್ಲ ಇದು. ನಿನಗೊಬ್ಬಳು ಅಮ್ಮ ಇದ್ದಳು, ನನಗೆ ಗೊತ್ತು. ಎಷ್ಟು ಹೇಳಿಕೊಟ್ಟರೂ ಅವನು ಬಾಯಿ ಬಿಟ್ಟಿರಲಿಲ್ಲ. ಅವತ್ತು ಚಾದರ ಹೊದಿಸುವಾಗ ಒಳಗಿನಿಂದ ಮೊದಲ ಸಲ ಕರೆದ. ನಾನು "ಓ" ಎಂದು ಓಗೊಟ್ಟು, ಆ ಖುಷಿಯಲ್ಲೇ ಚಾದರವನ್ನು ಇನ್ನಷ್ಟು ಬಿಗಿಯಾಗಿ ಎಳೆದು ಸುತ್ತಿದೆ.