ಆಳದಲ್ಲಿ ಕಂಡ ತುಕ್ಕು

ಗಣಿ ವಸತಿ, ಹಿಂದಿನ ಸಾಲು
೧೪, ಭಾನುವಾರ

ಪ್ರೀತಿಯ ಇವಳೇ,

ಅತ್ತೆಯ ಕಾಲು ಹೇಗಿದೆ? ಕೋಲು ಹಿಡಿದು ಬಚ್ಚಲವರೆಗೆ ನಡೆದರು ಎಂದು ನೀನು ಹೇಳಿದ ಮೇಲೆ ನನಗೂ ಮನಸ್ಸು ಹಗುರಾಯಿತು. ಸಿಟ್ಟು ಮಾಡುತ್ತಿದ್ದಾರೆ ಎಂದರೆ ಗುಣವಾಗುತ್ತಿದ್ದಾರೆ ಎಂದೇ ಅರ್ಥ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಅವರ ತಟ್ಟೆಯಲ್ಲಿ ಉಳಿದದ್ದೇ ನಿನ್ನ ಊಟವಾಗದಿರಲಿ. ಇಲ್ಲಿ ನಾನೂ ಮಗಳೂ ಚೆನ್ನಾಗಿದ್ದೇವೆ. ಅಡುಗೆ ನನ್ನದು, ಕೊಂಕು ಅವಳದು.

ಚೆನ್ನಾಗಿದ್ದೇವೆ ಎಂಬ ಮಾತನ್ನು ಈ ಸಲ ಬಾಯಿಮಾತಿಗೆ ಬರೆದಿಲ್ಲ. ಬುಧವಾರ ಫೋನಿನಲ್ಲಿ ‘ಗಣಿಯಲ್ಲಿ ಸ್ವಲ್ಪ ನೀರು ಬಂತು, ರಜೆ ಕೊಟ್ಟಿದ್ದಾರೆ’ ಎಂದೆನಲ್ಲ, ಅದರ ಪೂರ್ತಿ ಕಥೆ ಇದು. ಅತ್ತೆಯ ಮಂಚದ ಪಕ್ಕ ನಿಂತು ನೀನು ಅಯ್ಯೋ ಎಂದು ಕೂಗಬಾರದು ಎಂದೇ ಕಾಗದ ಬರೆಯುತ್ತಿದ್ದೇನೆ. ನನಗೆ ಒಂದು ಗೀರೂ ಬಿದ್ದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕೊರೆಯುವ ಯಂತ್ರವನ್ನು ಈ ತಿಂಗಳು ಎಲ್ಲಕ್ಕಿಂತ ಕೆಳಗಿನ ಸುರಂಗಕ್ಕೆ ಇಳಿಸಿದ್ದರು. ಹಳೆಯ ಕಾಲದಲ್ಲಿ ಇಲ್ಲಿನ ಬಂಡೆಯೆಲ್ಲ ಕರಗಿ ಕುದಿಯುತ್ತಿದ್ದಾಗ, ನಿಕಲ್, ತಾಮ್ರ ಸೇರಿಕೊಂಡ ಭಾರದ ದ್ರವವೆಲ್ಲ ಲೋಟದ ತಳದಲ್ಲಿ ಸಕ್ಕರೆ ನಿಂತಂತೆ ಅಡಿಗೆ ಹೋಗಿ ನಿಂತಿತಂತೆ. ಅದಕ್ಕೇ ಒಳ್ಳೆಯ ಅದಿರು ತಳದಲ್ಲೇ. ಇದನ್ನೆಲ್ಲ ನಮಗೆ ಹೇಳಿಕೊಟ್ಟವರು ಭೂತಗನ್ನಡಿ ಮೇಡಂ. ಹೊಸದಾಗಿ ಬಂದಿರುವ ಭೂವಿಜ್ಞಾನಿ, ಕುತ್ತಿಗೆಯಲ್ಲಿ ಸದಾ ಒಂದು ಭೂತಗನ್ನಡಿ ನೇತಾಡುತ್ತಿರುತ್ತದೆ. ನಾವು ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಟ್ಟರೆ, ಮಗುವಿನ ಹಲ್ಲು ನೋಡಿದ ಹಾಗೆ ಒಂದೊಂದನ್ನೂ ಬಗ್ಗಿ ನೋಡುತ್ತಾರೆ.

ಸೋಮವಾರ ಬಂದ ಕಲ್ಲನ್ನು ನೀನು ನೋಡಬೇಕಿತ್ತು! ಹಿತ್ತಾಳೆಯಂತೆ ಹೊಳೆಯುವ ಹಳದಿ ತಾಮ್ರದ ಅದಿರು, ಅದರ ಪಕ್ಕಕ್ಕೇ ಅಯಸ್ಕಾಂತ ಹಿಡಿದರೆ ಟಕ್ಕೆಂದು ಅಂಟುವ ಕಂದು ಬಣ್ಣದ್ದು. ಅದರೊಳಗೇ ನಿಕಲ್. ನನ್ನ ಜೊತೆಗಾರ ಮೌನಿ, ಅದೇ ಬಾಯಿ ಮುಚ್ಚದ ಆ ಪುಣ್ಯಾತ್ಮ, ಅಲ್ಲೇ ಕುಣಿದ. ಮಂಗಳವಾರ ಬೆಳಗ್ಗೆ ಇನ್ನೂ ಮುಂದಕ್ಕೆ ಕೊರೆದೆವು. ಕಲ್ಲು ಚೂರುಚೂರಾಗಿ ಬಂತು, ಬಿರುಕಿನ ತುಂಬ ಕೆಂಪು. ನನಗೇನೂ ಅನ್ನಿಸಲಿಲ್ಲ. ಮೇಡಂ ಒಂದು ಚೂರನ್ನು ಬೆರಳಲ್ಲಿ ಉಜ್ಜಿ, ಬೆರಳನ್ನೇ ನೋಡುತ್ತ ನಿಂತರು. ಆಮೇಲೆ, ‘ಯಂತ್ರ ನಿಲ್ಸಿ’ ಎಂದರು.

ಮ್ಯಾನೇಜರು ಇಳಿದು ಬಂದರು. ಅವರೂ ಕೆಟ್ಟವರಲ್ಲ, ಮೇಲಿನವರ ಒತ್ತಡ ಅವರಿಗೂ ಇರುತ್ತದೆ. ‘ಇಷ್ಟು ಒಳ್ಳೆ ಅದಿರು ಸಿಕ್ಕಿರೋವಾಗ ನಿಲ್ಸೋದಾ?’ ಎಂದರು. ಮೇಡಂ, ‘ಇದು ತುಕ್ಕು ಸಾರ್. ಇಷ್ಟು ಆಳದಲ್ಲಿ ತುಕ್ಕು ಹಿಡೀಬೇಕಾದ್ರೆ ಗಾಳಿ, ನೀರು ಎರಡೂ ಬಂದಿರ್ಬೇಕು. ಆ ಕಡೆ ಯಾರೋ ಹಿಂದೆ ಅಗೆದು ಬಿಟ್ಟು ಹೋಗಿದಾರೆ. ಈಗ ಅಲ್ಲಿ ನೀರು ತುಂಬಿದೆ’ ಎಂದರು. ‘ನಕ್ಷೆಯಲ್ಲಿ ಅಂಥದ್ದೇನೂ ಇಲ್ವಲ್ಲ?’ ಎಂದರು ಮ್ಯಾನೇಜರು. ‘ನಕ್ಷೆ ಬರೆದವರು ಇಲ್ಲಿಗೆ ಬಂದಿದ್ರೋ ಇಲ್ವೋ ಗೊತ್ತಿಲ್ಲ. ಕಲ್ಲಂತೂ ಇಲ್ಲೇ ಇದೆ.’ ಇಷ್ಟು ಹೇಳಿ ಕಲ್ಲಿನ ಪೆಟ್ಟಿಗೆಯನ್ನು ಯಂತ್ರದ ಸ್ವಿಚ್ಚಿನ ಮುಂದಕ್ಕೆ ಎಳೆದುಕೊಂಡು ಅದರ ಮೇಲೆ ಕೂತೇಬಿಟ್ಟರು. ‘ನನ್ನನ್ನ ಎತ್ತಿ ಆಚೆ ಇಟ್ಟು ಚಾಲೂ ಮಾಡಿ.’ ಅವರ ದನಿ ನಡುಗುತ್ತಿತ್ತು ಕಣೇ. ಆದರೂ ಎದ್ದೇಳಲಿಲ್ಲ. ಕೊನೆಗೆ ಮ್ಯಾನೇಜರು ಕೈಚೆಲ್ಲಿ, ತೂತು ಮುಚ್ಚಿಸಿ, ಆ ಸುರಂಗಕ್ಕೆ ಯಾರೂ ಹೋಗಬಾರದೆಂದು ಹೇಳಿ ಎಲ್ಲರನ್ನೂ ಮೇಲಕ್ಕೆ ಕಳಿಸಿದರು.

ಬುಧವಾರ ನಾವು ಮೇಲೆ ಚಹಾ ಕುಡಿಯುತ್ತಿದ್ದಾಗ, ಆಚೆ ತುಂಬಿದ್ದ ನೀರಿನ ಒತ್ತಡಕ್ಕೆ ಆ ಸುರಂಗದ ಗೋಡೆ ಒಡೆಯಿತು. ಕಾಲಡಿಯ ನೆಲ ಗುಂ ಎಂದಿತು, ಲಿಫ್ಟಿನ ಬಾವಿಯಿಂದ ತಣ್ಣನೆಯ ಗಾಳಿ ಮುಖಕ್ಕೆ ರಾಚಿತು. ಹಾಜರಿ ಕೂಗಿದರು. ಒಬ್ಬೊಬ್ಬರೂ ‘ಇದೀನಿ’, ‘ಇದೀನಿ’ ಎನ್ನುತ್ತ ಬಂದರು, ಒಬ್ಬರೂ ಕಡಿಮೆಯಾಗಲಿಲ್ಲ. ಮೌನಿ ಮಾತ್ರ ತನ್ನ ಹೆಸರಿಗೆ ಕೈ ಎತ್ತಿದನೇ ಹೊರತು ಅವನ ಬಾಯಿಂದ ಸ್ವರವೇ ಹೊರಡಲಿಲ್ಲ. ಮ್ಯಾನೇಜರು ಮೇಡಂ ಹತ್ತಿರ ಹೋಗಿ ತಮ್ಮ ಚಹಾದ ಲೋಟವನ್ನು ಅವರ ಕೈಗೆ ಕೊಟ್ಟರು.

ಶುಕ್ರವಾರ ಪಂಪು ಹಾಕಿ ನೀರಿಳಿಸಿದ ಮೇಲೆ ನೋಡಿದೆವು. ನಾನು ದಿನವೂ ನಿಲ್ಲುತ್ತಿದ್ದ ಜಾಗದಲ್ಲಿ ಯಂತ್ರವಿರಲಿಲ್ಲ, ಅದು ದೂರದ ತಿರುವಿನಲ್ಲಿ ತಂತಿಯ ಮುದ್ದೆಯಂತೆ ಬಿದ್ದಿತ್ತು. ಅಲ್ಲಿಂದ ಸೀದಾ ಮೇಡಂ ಬಳಿ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಎದುರಿಗೆ ನಿಂತಾಗ ‘ನನಗೊಬ್ಬಳು ಮಗಳಿದಾಳೆ ಮೇಡಂ’ ಎಂದಷ್ಟೇ ಬಂತು. ಅವರಿಗೆ ಅರ್ಥವಾಯಿತು. ‘ನನಗೂ ಪೂರ್ತಿ ಖಾತ್ರಿ ಇರ್ಲಿಲ್ಲಪ್ಪ. ತಪ್ಪಾಗಿದ್ರೆ ನೀವೆಲ್ಲ ವರ್ಷವಿಡೀ ನಗ್ತಿದ್ರಿ, ಅಷ್ಟೇ ತಾನೆ?’ ಎಂದರು. ನಗೆಪಾಟಲಾಗಲು ತಯಾರಾಗಿ ಕೂತವರು ಒಬ್ಬರಿದ್ದರು, ಅದರಿಂದ ಇವತ್ತು ನಾನು ಮಗಳ ಜಡೆ ಸೊಟ್ಟಗೆ ಹೆಣೆದು ಬೈಸಿಕೊಂಡೆ. ಬೈಸಿಕೊಳ್ಳುವುದು ಇಷ್ಟು ಸುಖ ಎಂದು ಗೊತ್ತಿರಲಿಲ್ಲ.

ಅತ್ತೆಗೆ ನಮಸ್ಕಾರ ತಿಳಿಸು, ಈ ಕಥೆ ಮಾತ್ರ ಅವರು ಚೆನ್ನಾಗಿ ಓಡಾಡುವಂತಾದ ಮೇಲೆ ಹೇಳು. ಆತುರಪಟ್ಟು ಬರಬೇಡ, ಆದರೆ ಬೇಗ ಬಾ.

ನಿನ್ನ,
‘ರೀ’

ತಾ.ಕ. (ಸೋಮವಾರ): ಅಂಚೆಯವನು ಬರುವ ಹೊತ್ತು, ಬೇಗ ಬರೆಯುತ್ತೇನೆ. ಕಲ್ಲು ಜೋಡಿಸಿ ಪರೀಕ್ಷಿಸುವ ಮೇಲಿನ ಶೆಡ್ಡಿಗೆ ನನ್ನನ್ನು ಕೊಡಿ ಎಂದು ಮೇಡಂ ಮ್ಯಾನೇಜರನ್ನು ಕೇಳಿದ್ದಾರೆ, ಅವರೂ ಒಪ್ಪಿದ್ದಾರೆ. ಮದುವೆಯಾದಾಗಿನಿಂದ ನೀನು ‘ನೆಲದ ಮೇಲೆ ನಿಮಗೇನೂ ಕೆಲಸ ಇಲ್ವೇನ್ರೀ?’ ಎಂದು ಕೇಳುತ್ತಲೇ ಬಂದೆ, ನಾನು ನಗುತ್ತಲೇ ಬಂದೆ. ಇದೆಯಂತೆ ಕಣೇ. ನಾಳೆಯಿಂದ ಹೋಗುತ್ತಿದ್ದೇನೆ.