ಮಿತಿಯೊಳಗೇ ಇತ್ತು ವೇಗ

ಜೂನ್ 3, ಸೋಮವಾರ

ಇವತ್ತು ಸ್ಪೀಡ್ ಗನ್ ಹಿಡಿದು ಸೇತುವೆ ಬಳಿ ನಿಂತಿದ್ದು. ನಾಳೆ ಎಲ್ಲೋ. ಜಾಗ ದಿನಾ ಬದಲು, ಬಿಸಿಲು ಮಾತ್ರ ಅದೇ. ಇನ್ಸ್‌ಪೆಕ್ಟರ್ ಸಾಹೇಬರಿಗೆ ಇಷ್ಟ ಇಳಿಜಾರಿನ ತಿರುವು. ಬೋರ್ಡು ನಲವತ್ತು ಅನ್ನುತ್ತದೆ. ಸುಮ್ಮನೆ ಕಾಲೆತ್ತಿ ಕೂತರೂ ಗಾಡಿ ನಲವತ್ತೈದಕ್ಕೆ ಜಾರುತ್ತದೆ. ಮರದ ಮರೆಯಲ್ಲಿ ನಿಂತರೆ ಬಲೆ ತುಂಬ ಮೀನು.

ಆ ತಿರುವಿನ ಕೆಳಗಿನ ಕ್ರಾಸಿಂಗ್ ಹತ್ತಿರ ನಿಲ್ಲೋಣ ಎಂದು ಸಾಹೇಬರನ್ನು ಮತ್ತೆ ಕೇಳಿದೆ. ಜನ ದಾಟುವುದು ಅಲ್ಲಿ.

"ಅಲ್ಲಿ ಜನರನ್ನ ನೋಡಿ ಎಲ್ಲರೂ ತಾವೇ ನಿಧಾನ ಮಾಡ್ತಾರಮ್ಮ. ಕೇಸ್ ಎಲ್ಲಿ ಬೀಳುತ್ತೆ? ಟಾರ್ಗೆಟ್ ಏನು ನಿಮ್ಮತ್ತೆ ಕಟ್ಟಿ ಕೊಡ್ತಾರಾ?"

ನಮ್ಮ ಹೆಡ್ ಕಾನ್‌ಸ್ಟೆಬಲ್ — ಎಲ್ಲರಿಗೂ ಅವನು ಮೀಸೆ — ಪಕಪಕ ನಕ್ಕ. ಅವನ ಅಳಿಯ ಟ್ಯಾಕ್ಸಿ ಓಡಿಸುತ್ತಾನೆ. ಗನ್ ಎಲ್ಲಿ ಎಂದು ಬೆಳಿಗ್ಗೆಯೇ ಅಳಿಯನಿಗೆ ಫೋನು. ಎಲ್ಲರೂ ಮನೆಯವರಿಗೆ ಹೇಳುತ್ತಾರೆ. ನಾನು ಹೇಳುವುದಿಲ್ಲ, ಲಾರಿ ಓಡಿಸುವ ಗಂಡನಿಗೂ. ದಂಡ ಅಂದಮೇಲೆ ಎಲ್ಲರಿಗೂ ಒಂದೇ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇದೆ.

ಜೂನ್ 5

ಟೈಲರಮ್ಮನ ಅಂಗಡಿಗೆ ಹೋಗಿದ್ದೆ. ಕ್ರಾಸಿಂಗ್ ಪಕ್ಕದಲ್ಲೇ. ಯೂನಿಫಾರ್ಮ್ ಪ್ಯಾಂಟಿನ ಸೊಂಟ ಬಿಚ್ಚಿ ಸಡಿಲ ಮಾಡಿಕೊಟ್ಟರು. "ದಿನವಿಡೀ ನಿಂತೇ ಇರ್ತೀರಿ, ಆದ್ರೂ ಹೇಗೆ ದಪ್ಪ ಆಗ್ತೀರಿ?" ಬಾಯಿ ಜೋರು. ಗುಂಡಿ ಹೊಲಿಯುತ್ತಿದ್ದ ಗಂಡ ತಲೆ ಎತ್ತದೆ ನಕ್ಕರು.

"ಆ ನಿಮ್ಮ ಗನ್ನನ್ನ ಇಲ್ಲಿ ತಂದಿಡ್ರಿ. ದಾಟೋಕೆ ಜೀವ ಕೈಯಲ್ಲಿ ಹಿಡ್ಕೊಂಡು ನಿಲ್ಲಬೇಕು."

ಹೇಳ್ತೀನಿ ಅಂದೆ. ಯಾರಿಗೆ ಹೇಳಲಿ...

ಜೂನ್ 6

ಇವರ ಲಾರಿ — ಕಾಂಕ್ರೀಟ್ ಕಲಸುತ್ತ ಹೋಗುವ ಡೊಳ್ಳುಹೊಟ್ಟೆಯದು — ಅದರ ಬ್ರೇಕಿನ ಗಾಳಿ ಸೋರುತ್ತಿದೆಯಂತೆ. ಊಟದ ನಡುವೆ, ಉಪ್ಪು ಕಡಿಮೆ ಅನ್ನುವ ಹಾಗೆ ಹೇಳಿದರು.

"ಒಂದ್ಸಲ ಗಟ್ಟಿಯಾಗಿ ಒತ್ತಿದ್ರೆ ಹಿಡಿಯುತ್ತೆ ಕಣೇ. ಆಮೇಲೆ ಗಾಳಿ ತುಂಬೋವರೆಗೂ ಇನ್ನೊಂದ್ಸಲ ಸಿಗಲ್ಲ. ಓನರ್ ಮುಂದಿನ ವಾರ ಮಾಡಿಸ್ತೀನಿ ಅಂದಿದ್ದಾನೆ."

"ಅಲ್ಲೀವರೆಗೆ ಹೇಗ್ರೀ ಓಡಿಸ್ತೀರಿ?"

"ಆ ಒಂದನ್ನ ಕ್ರಾಸಿಂಗ್‌ಗೆ ಅಂತ ಉಳಿಸ್ಕೊಂಡಿರ್ತೀನಿ."

ಜಗಳ ಆಡಿದೆ. ಬೇರೆ ಕೆಲಸ ನೀನು ಕೊಡಿಸ್ತೀಯಾ ಅಂದರು. ಸಾರು ಬಡಿಸಿದೆ.

ಜೂನ್ 7

ಯಾರ ಹೆಸರೂ ಹೇಳದೆ ಸಾಹೇಬರನ್ನು ಕೇಳಿದೆ. ತುಂಬಿದ ಲಾರಿ ನಿಲ್ಲಲು ಕಾರಿಗಿಂತ ಎಷ್ಟೋ ಹೆಚ್ಚು ರಸ್ತೆ ಬೇಕು, ಬ್ರೇಕ್ ಕೆಟ್ಟಿದ್ದರೆ ಕೇಳುವುದೇ ಬೇಡ. ನಲವತ್ತೈದರ ಸ್ಕೂಟರಿಗೆ ದಂಡ, ಮೂವತ್ತೊಂಬತ್ತರ ಲಾರಿಗೆ ಸಲಾಮು. ಇದು ಯಾವ ನ್ಯಾಯ?

"ಬ್ರೇಕ್ ನೋಡೋದು ಬೇರೆ ಇಲಾಖೆಯಮ್ಮ. ನಮ್ಮದು ಸ್ಪೀಡ್ ಮಾತ್ರ."

ಜೂನ್ 10

ಇಳಿಜಾರಿನ ತಿರುವಿನಲ್ಲಿದ್ದೆವು. ಇವರ ಲಾರಿ ಬಂತು. ಗನ್ ಎತ್ತಿದೆ, ಎಲ್ಲರಿಗೂ ಎತ್ತುವ ಹಾಗೆ. ಮೂವತ್ತೆಂಟು. "ಗಂಡ ಪಾಸು" ಎಂದ ಮೀಸೆ. ಕೈ ಬೀಸಿದೆ. ಇವರು ತಿರುಗಿ ಬೀಸಲಿಲ್ಲ.

ಆಮೇಲೆ ಕೆಳಗಿನಿಂದ ಹಾರ್ನ್. ನಿಲ್ಲದ ಹಾರ್ನ್.

ಟೈಲರಮ್ಮ. ಕ್ರಾಸಿಂಗಿನ ಬಿಳಿ ಪಟ್ಟಿಯ ಮೇಲೇ ಇದ್ದರು.

ಬರೆಯಲು ಆಗುತ್ತಿಲ್ಲ.

ಜೂನ್ 15

ಸಾಹೇಬರು ಕುರ್ಚಿ ಎಳೆದು ಕೂರಿಸಿದರು. ಇಷ್ಟು ವರ್ಷದಲ್ಲಿ ಮೊದಲ ಸಲ. "ಮೂವತ್ತೆಂಟು ಅಂತ ನಿನ್ನ ಗನ್ನೇ ಹೇಳುತ್ತೆ. ಮೀಸೆ ಸಾಕ್ಷಿ. ನಿನ್ನ ಗಂಡ ಬಚಾವಾದ ಅಂತ್ಲೇ ತಿಳ್ಕೊ. ಆಯಮ್ಮ ನೋಡದೆ ಅಡ್ಡ ಬಂದರು, ಅಷ್ಟೇ. ಬೇರೆ ಮಾತು ಬೇಡ."

ಬೇರೆ ಮಾತು ಅಂದರೆ ಬ್ರೇಕು. ಸ್ಟೇಷನ್ ಅಂಗಳದಲ್ಲಿ ನಿಂತ ಲಾರಿಗೆ ಆಗಲೇ ಹೊಸ ಬ್ರೇಕ್ ಪೈಪು ಬಿದ್ದಿದೆ. ಓನರ್‌ನ ಮುಂದಿನ ವಾರ ಅಂತೂ ಬಂತು.

ಜೂನ್ 16

ಜೈಲಿಗೆ ಹೋಗಿ ಇವರನ್ನು ನೋಡಿ ಬಂದೆ. ಗಡ್ಡ ಬೆಳೆದಿದೆ. ತಿರುವಿಗೆ ಮುಂಚೆ, ಮೇಲೆ ವೇಗ ಎಷ್ಟಿತ್ತು ಎಂದು ಕೇಳಿದೆ.

"ಐವತ್ತರ ಮೇಲೆ. ಮಾಲು ಗಟ್ಟಿಯಾಗುತ್ತೆ ಅಂತ ಓನರ್ ಫೋನ್ ಮೇಲೆ ಫೋನ್. ತಿರುವಿನಲ್ಲಿ ನೀನು ಕಾಣಿಸಿದೆ. ನಾಲ್ಕು ಜನರ ಮುಂದೆ ನನಗೆ ದಂಡ ಹಾಕೋ ಗತಿ ನಿಂಗೆ ಬರಬಾರದು ಅಂತ... ಒತ್ತಿಬಿಟ್ಟೆ."

ಆ ಒಂದನ್ನ. ಕ್ರಾಸಿಂಗ್‌ಗೆ ಉಳಿಸಿಕೊಂಡಿದ್ದ ಒಂದೇ ಒಂದನ್ನ ನನ್ನ ಮರ್ಯಾದೆಗೆ ಖರ್ಚು ಮಾಡಿದರು. ದಂಡ ಹಾಕಿಸಿಕೊಂಡಿದ್ದರೆ ಏನಾಗುತ್ತಿತ್ತು? ಮೀಸೆ ಒಂದು ವಾರ ನಗುತ್ತಿದ್ದ. ಅಷ್ಟೇ ಅಲ್ಲವೇ.

ಗನ್ ಇಂಥಲ್ಲಿ ಎಂದು ಬೆಳಿಗ್ಗೆ ಒಂದು ಮಾತು ಹೇಳಿದ್ದರೆ ಮೇಲಿನಿಂದಲೇ ನಿಧಾನ ಬರುತ್ತಿದ್ದರು. ಮೀಸೆಯ ಅಳಿಯ ಆರಾಮಾಗಿದ್ದಾನೆ. ನನ್ನ ನಿಯತ್ತಿಗೆ ಬೆಂಕಿ ಬೀಳಲಿ.

"ಮೂವತ್ತೆಂಟು ಅಂದ್ಬಿಡು, ಸಾಕು. ಬ್ರೇಕ್ ವಿಷಯ ಗೊತ್ತಿದ್ದೂ ಓಡಿಸಿದ ಅಂತಾದ್ರೆ ನಾನು ಹೊರಗೆ ಬರೋದೇ ಇಲ್ಲ. ನೀನು ಹೇಳ್ತಿರೋದು ಸುಳ್ಳೇನಲ್ಲವಲ್ಲ."

ಸುಳ್ಳಲ್ಲ. ಅದಕ್ಕೇ ಹೊಟ್ಟೆ ಉರಿಯುವುದು.

ಜೂನ್ 24, ಬೆಳಿಗ್ಗೆ, ಕೋರ್ಟಿನ ಬೆಂಚು

ಹೇಳಿಕೆ ಕೊಡಲು ಇನ್ನೂ ಕರೆದಿಲ್ಲ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಸಾಹೇಬರು ಬಾಗಿಲ ಬಳಿ ನಿಂತು ಕಣ್ಣಲ್ಲೇ ಧೈರ್ಯ ಹೇಳುತ್ತಿದ್ದಾರೆ.

ಟೈಲರಮ್ಮನ ಗಂಡ ಬಂದು ಬೆಂಚಿನ ಆ ತುದಿಗೆ ಕೂತರು. ಲಾರಿ ಓಡಿಸಿದ್ದು ನಮ್ಮವರೇ ಎಂದು ಅವರಿಗೆ ಗೊತ್ತು. ಆದರೂ ದನಿ ಏರಿಸಲಿಲ್ಲ.

"ಅಮ್ಮಾ, ಅಳತೆ ಹಿಡಿದಿದ್ದು ನೀವಂತೆ. ಎಷ್ಟಿತ್ತು?"

"ಮೂವತ್ತೆಂಟು."

"ಬೋರ್ಡು?"

"ನಲವತ್ತು."

ತಲೆಯಾಡಿಸಿದರು. ಅಂಗಿಯ ತುದಿಯನ್ನು ಮಡಿಸಿದರು, ಬಿಡಿಸಿದರು. "ಹಾಗಾದ್ರೆ ಅವಳದ್ದೇ ತಪ್ಪು. ನೋಡಿ ದಾಟೇ ಅಂತ ಬಡ್ಕೋತಿದ್ದೆ. ಎಲ್ಲಿ ಕೇಳ್ತಾಳೆ ನನ್ನ ಮಾತು." ಆಮೇಲೆ ಆ ಕಡೆ ತಿರುಗಿ, ಸತ್ತವಳನ್ನು ಮೆಲ್ಲಗೆ ಬೈಯತೊಡಗಿದರು.

ಕೇಳಿಸಿಕೊಳ್ಳಲು ಆಗುತ್ತಿಲ್ಲ. ನಮ್ಮವರ ಮುಖ ಕಣ್ಣಮುಂದೆಯೇ ಇದೆ. ಆದರೂ ಆಗುತ್ತಿಲ್ಲ.

ನನ್ನ ಹೆಸರು ಕೂಗಿದರು. ಸಾಹೇಬರು ಬಾ ಬಾ ಎಂದು ಸನ್ನೆ ಮಾಡುತ್ತಿದ್ದಾರೆ. ಒಳಗೆ ಹೋಗುವ ಮೊದಲು ಈ ಮನುಷ್ಯನಿಗೆ ಒಂದು ಮಾತು ಹೇಳಬೇಕು. ಅವರನ್ನ ಬೈಬೇಡಿ ಯಜಮಾನರೇ, ಬ್ರೇಕು —