ಗೋಧಿಗೆ ಹಗೆಯಾದ ಮೈ

ಮಾರ್ಚ್ 3, ಬೆಳಿಗ್ಗೆ

ಪಂಜಾಬಿನ ಐದೂ ನದಿಗಳನ್ನು ಒಂದೇ ದಿನದಲ್ಲಿ ಈಜಿ ದಾಟಿದವನು ಈ ಭೂಮಿಯ ಮೇಲೆ ಒಬ್ಬನೇ. ಅವನು ಈ ಬಖ್ತಾವರ್ ಸಿಂಗ್. ಅಂಥ ನಾನು ಇವತ್ತು ಚಹಾದ ಲೋಟ ಹಿಡಿದು ಎಮ್ಮೆ ಕೊಟ್ಟಿಗೆಯಿಂದ ಮಂಚದವರೆಗೆ ಬರುವಷ್ಟರಲ್ಲಿ ಸಗಣಿ ಗುಂಡಿಗೆ ಬಿದ್ದೆ. ಎಡವಿದ್ದಲ್ಲ, ಜಾರಿದ್ದೂ ಅಲ್ಲ. ನೆಲವೇ ಅತ್ತ ಸರಿಯಿತು. ಗಡ್ಡದ ತುಂಬ ಸಗಣಿ. ಥೂ.

ಹೆಂಡತಿ ನಸೀಬ್ ಕೌರ್ ಓಡಿಬಂದಳು. ಎತ್ತುವುದಕ್ಕೆ ಮೊದಲು ಬಾಯಿ ಮೂಸಿದಳು. ಇಷ್ಟು ವರ್ಷ ಸಂಸಾರ ಮಾಡಿ ಗಂಡನ ಬಾಯಿ ಮೂಸುವ ಗತಿ.

ದೀಪಾವಳಿಯಿಂದೀಚೆ ಒಂದು ತೊಟ್ಟು ಮುಟ್ಟಿಲ್ಲ. ಯಾರೂ ನಂಬುವುದಿಲ್ಲ. ಒಂದು ಕಾಲದಲ್ಲಿ, ಬಾಟ್ಲಿ ಇಳಿಸಿ ನೇಗಿಲ ಸಾಲಿನ ಮೇಲೆ ನೆಟ್ಟಗೆ ನಡೆಯುತ್ತೇನೆ ಎಂದು ಊರೆಲ್ಲ ಸಾರಿಕೊಂಡು ಬಂದವನು ನಾನೇ. ಈಗ ಕುಡಿಯದೆ ಸೊಟ್ಟಗೆ ನಡೆಯುತ್ತಿದ್ದೇನೆ. ಮಾತೂ ನಾಲಿಗೆಗೆ ಅಂಟಿಕೊಂಡು ಬರುತ್ತದೆ. ಸಹಿ ಹಾಕಿದರೆ ಕೋಳಿ ಕೆದರಿದ ಹಾಗೆ.

ಮಾರ್ಚ್ 11

ತಂಗಿ ಅಮರೋ ಬಂದಿದ್ದಳು. ಅವಳ ಮಗಳು ರುಪಿಂದರಳ ಮದುವೆ ನವೆಂಬರಿಗೆ ಗೊತ್ತಾಯಿತಂತೆ. ಪಿನ್ನಿ ಉಂಡೆ ತಂದಿದ್ದಳು, ಗೋಧಿ ಹಿಟ್ಟು, ತುಪ್ಪ. ನಾಲ್ಕು ತಿಂದೆ.

ಆಮೇಲೆ ಸೂರು ನೋಡಿಕೊಂಡು ಮಾತು ತೆಗೆದಳು. ಗಂಡಿನ ಮನೆಯವರು ಅಮೃತ ದೀಕ್ಷೆ ತೆಗೆದುಕೊಂಡವರಂತೆ, ಹೆಂಡದ ಹೆಸರು ಕೇಳಿದರೆ ಕಿವಿ ಮುಚ್ಚುವವರಂತೆ. ನನ್ನ ನಡಿಗೆಯ ಸುದ್ದಿ ಯಾರೋ ಅಲ್ಲಿಗೂ ಮುಟ್ಟಿಸಿದ್ದಾರಂತೆ.

"ವೀರಾ, ಅಣ್ಣಾ, ಬೇಜಾರ್ ಮಾಡ್ಕೋಬೇಡ. ಮಿಲನಿಗೆ ದೊಡ್ಡಪ್ಪನ ಮಗ ನಿಂತ್ರೂ ಆಗುತ್ತೆ. ಅವನೂ ಮಾಮಾನೇ ತಾನೆ."

ಐದನೆಯ ಉಂಡೆಗೆ ಚಾಚಿದ ಕೈ ಹಿಂದೆ ತೆಗೆದೆ. ದಿಬ್ಬಣ ಬಾಗಿಲಿಗೆ ಬಂದಾಗ ಅಪ್ಪನನ್ನು ಅಪ್ಪ, ಮಾಮನನ್ನು ಮಾಮ ಹಾರ ಹಾಕಿ ತಬ್ಬುವುದೇ ಮಿಲನಿ. ಅಪ್ಪಂದಿರು ಸುಮ್ಮನೆ ತಬ್ಬಿ ಬಿಡುತ್ತಾರೆ. ಮಾಮಂದಿರಿಗೆ ಅಷ್ಟು ಸಾಲದು. ಯಾರು ಯಾರನ್ನು ನೆಲದಿಂದ ಎತ್ತುತ್ತಾರೆಂದು ಊರೇ ಕಾದು ನಿಂತಿರುತ್ತದೆ. ಅಮರೋಗೆ ಒಡಹುಟ್ಟಿದವನು ನಾನೊಬ್ಬನೇ. ರುಪಿಂದರಳನ್ನು ಹೆಗಲ ಮೇಲೆ ಹೊತ್ತು ಕಬ್ಬಿನ ಗದ್ದೆ ಸುತ್ತಿಸಿದವನು ನಾನು. ಮಿಲನಿಗೆ ಮಾತ್ರ ಆ ಜೊಲ್ಲುಬುರುಕ ದೊಡ್ಡಪ್ಪನ ಮಗ.

ನವೆಂಬರಿನೊಳಗೆ ನೆಟ್ಟಗೆ ನಿಲ್ಲದಿದ್ದರೆ ನಾನೇ ಬಾರಾತಿನ ಬ್ಯಾಂಡಿನಲ್ಲಿ ಡೋಲು ಹೊರುತ್ತೇನೆ ಎಂದೆ. ಅವಳು ನಗಲಿಲ್ಲ.

ಮಾರ್ಚ್ 27, ಲುಧಿಯಾನ

ಡಾಕ್ಟರ್ ಎಂದರೆ ರುಪಿಂದರಳ ವಯಸ್ಸಿನ ಹುಡುಗಿ. ಕಳೆದ ವಾರ ಮೂಗು ಮುಟ್ಟು ಎಂದಿದ್ದಳು, ಬೆರಳು ಕಣ್ಣಿಗೆ ಹೋಯಿತು. ಗೆರೆಯ ಮೇಲೆ ನಡಿ ಎಂದಳು, ಗೋಡೆಗೆ ಹೋದೆ. ತಲೆಯ ಚಿತ್ರ ತೆಗೆದರು, ರಕ್ತ ಎಳೆದರು. ಇವತ್ತು ಫಲಿತಾಂಶ.

"ಹೆಂಡ ಅಲ್ಲ ಅಂಕಲ್‌ಜೀ. ಗೋಧಿ."

ಗೋಧಿ ತಿಂದು ಯಾರಾದರೂ ತೂರಾಡುತ್ತಾರೆಯೇ? ಕಲ್ಲು ತಿಂದರೂ ಅರಗಿಸುವ ಹೊಟ್ಟೆ ನನ್ನದು ಎಂದೆ. ಹೊಟ್ಟೆಗೆ ಏನೂ ಆಗದೆಯೇ ತಲೆಗೆ ಆಗುತ್ತದಂತೆ ಕೆಲವರಿಗೆ. ಮೈಯೊಳಗೆ ಕಾವಲಿನವರಿದ್ದಾರೆ, ರೋಗ ಬಂದರೆ ಹೊಡೆಯುವವರು. ನನ್ನ ಕಾವಲಿನವರು ಗೋಧಿಯೊಳಗಿನ ಅಂಟನ್ನು ಕಳ್ಳ ಎಂದು ಬಗೆದು ಆಯುಧ ಮಾಡಿಕೊಂಡಿದ್ದಾರೆ. ಆಂಟಿಬಾಡಿ ಎಂದು ಅದರ ಹೆಸರು. ಹಿಂದಲೆಯಲ್ಲಿ ಕಿರುಮೆದುಳು ಇದೆ, ನಡಿಗೆಯ ಹದ ಕಾಯುವುದು. ಅದರಲ್ಲಿಯೂ ಆ ಕಳ್ಳನ ಮೋರೆಯಂಥದೇ ಮೋರೆ ಕಂಡು ಅದನ್ನೇ ಬಡಿಯುತ್ತಿದ್ದಾರೆ. ಗೋಧಿ ಒಳಗೆ ಹೋಗುತ್ತಿರುವವರೆಗೂ ಬಡಿತ ನಿಲ್ಲುವುದಿಲ್ಲ.

ಅರ್ಥವಾಯಿತು. ಕಳ್ಳರ ಕಾಟದ ಕಾಲದಲ್ಲಿ ನಮ್ಮೂರವರು ಸರದಿಯ ಮೇಲೆ ದೊಣ್ಣೆ ಹಿಡಿದು ಠೀಕರಿ ಪಹರೆ ಕೂತಿದ್ದರು. ಕರಿ ಕಂಬಳಿ ಹೊದ್ದ ಕಳ್ಳ ಬರುತ್ತಾನೆಂದು ಸುದ್ದಿ. ಕರಿ ಕಂಬಳಿ ಹೊದ್ದು ಹಾಲು ಕರೆಯಲು ಹೊರಟ ನಮ್ಮ ಹಾಲಿನವನನ್ನೇ ಹಿಡಿದು ಕಾಲು ಮುರಿದರು. ಮೊದಲ ಏಟು ಹಾಕಿದ ಶೂರ ಯಾರೆಂದು ಬರೆಯುವುದಿಲ್ಲ.

ನನ್ನ ಅನ್ನ ತಿಂದು, ನನ್ನ ರಕ್ತದಲ್ಲಿ ಬೆಳೆದು, ನನ್ನನ್ನೇ ಹೊಡೆಯುವ ಕಾವಲು. ಇಂಥ ಮೈ ಹೊತ್ತು ತಿರುಗುವುದಕ್ಕೆ ಹೇಸಿಗೆಯಾಗುತ್ತದೆ.

ಸತ್ತ ಕಣಗಳು ಮತ್ತೆ ಹುಟ್ಟುವುದಿಲ್ಲವಂತೆ. ಉಳಿದದ್ದನ್ನು ಉಳಿಸಿಕೊಳ್ಳಬೇಕು. ಎಷ್ಟು ಹೋಗಿದೆ, ರೂಪಾಯಿ ಲೆಕ್ಕದಲ್ಲಿ ಹೇಳು ಎಂದೆ. ಆಣೆ ಎಂದರೇನೆಂದೇ ಗೊತ್ತಿಲ್ಲದ ಹುಡುಗಿ, ರೂಪಾಯಿಗೆ ಹದಿನಾರಾಣೆ ಎಂಬ ಲೆಕ್ಕ ಹೇಳಿಕೊಟ್ಟೆ. ಅಂದಾಜು ಮಾತು ಅಂಕಲ್‌ಜೀ, ಆರಾಣೆ ಇರಬಹುದು ಎಂದಳು.

ಏಪ್ರಿಲ್ 14, ಬೈಸಾಖಿ

ಊರೆಲ್ಲ ಗೋಧಿ. ಗದ್ದೆಯಲ್ಲಿ ಗೋಧಿ, ಟ್ರಾಲಿಯಲ್ಲಿ ಗೋಧಿ, ಗಾಳಿಯಲ್ಲಿ ಗೋಧಿಯ ಹೊಟ್ಟು, ಮೂಗಿನಲ್ಲಿ ಸಹ. ನನ್ನ ತಟ್ಟೆಯಲ್ಲಿ ಮೆಕ್ಕೆಜೋಳದ ರೊಟ್ಟಿ. ಚಳಿಗಾಲದಲ್ಲಿ ಸಾಸಿವೆ ಸೊಪ್ಪಿನ ಜೊತೆ ತಿಂದರೆ ಅಮೃತ. ಈ ಬಿಸಿಲಲ್ಲಿ ಮೂರು ಹೊತ್ತೂ ತಿಂದರೆ ಗೋಡೆಯ ಗಾರೆ ಅಗಿದ ಹಾಗೆ.

ಗುರುದ್ವಾರದಲ್ಲಿ ಕಡಾಹ ಪ್ರಸಾದ ಕೊಟ್ಟರು, ತುಪ್ಪ ಸುರಿಯುವ ಗೋಧಿ ಹಲ್ವಾ. ಬೊಗಸೆ ಒಡ್ಡದೆ ಇರುವಂತಿಲ್ಲ. ಒಡ್ಡಿದೆ. ಹಾಗೆಯೇ ನಸೀಬ್ ಕೌರಳ ಬೊಗಸೆಗೆ ಸುರಿದೆ. ಹಿಂದೆ ನಿಂತ ಮುದುಕ, ಕುಡಿದ ಕೈಯಲ್ಲಿ ತಿನ್ನಬಾರದೆಂಬ ಬುದ್ಧಿಯಾದರೂ ಇದೆಯಲ್ಲ ಎಂದು ಪಕ್ಕದವನಿಗೆ ಹೇಳಿದ್ದು ಕೇಳಿಸಿತು.

ಬೆರಳಿಗೆ ಅಂಟಿದ ತುಪ್ಪವನ್ನೂ ನೆಕ್ಕಲಿಲ್ಲ. ನಲ್ಲಿಯಲ್ಲಿ ತೊಳೆದೆ. ಅಳು ಬಂದಿತ್ತು, ಹೊಟ್ಟು ಕಣ್ಣಿಗೆ ಬಿತ್ತು ಎಂದೆ.

ಆಗಸ್ಟ್ 20

ಬರೆಯದೆ ನಾಲ್ಕು ತಿಂಗಳು. ಬರೆದರೆ ಓದಲಾಗುವುದಿಲ್ಲ. ಪಕ್ಕದ ಮನೆಗೆ ಹೋಗಲೂ ಈಗ ಕೋಲು.

ಲುಧಿಯಾನಕ್ಕೆ ಹೋಗಿದ್ದೆವು. ರಕ್ತದಲ್ಲಿ ಆಯುಧ ಒಂದಿಷ್ಟೂ ಇಳಿದಿಲ್ಲ. ಡಾಕ್ಟರ್ ಹುಡುಗಿ ಕಾಗದ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅಂಕಲ್‌ಜೀ, ಕದ್ದು ಎಲ್ಲಿ ತಿಂತೀರಿ?"

ಗುರುವಿನ ಆಣೆ, ಒಂದು ಚೂರೂ ಇಲ್ಲ ಎಂದೆ. ಎಲ್ಲರೂ ಹಾಗೇ ಅಂತಾರೆ ಎಂದಳು. ನಸೀಬ್ ಕೌರ್ ತಲೆ ತಗ್ಗಿಸಿದಳು. ಅವಳೂ ನಂಬಲಿಲ್ಲ. ಬಸ್ಸಿನಲ್ಲಿ, ಪಿನ್ನಿ ಡಬ್ಬ ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಮೆಲ್ಲಗೆ ಕೇಳಿದಳು.

ಇಡೀ ಆಯುಸ್ಸಿನಲ್ಲಿ ಒಮ್ಮೆ ನಿಜ ಹೇಳಿದೆ. ಅದನ್ನು ಕೊಳ್ಳುವವರೇ ಇಲ್ಲ.

ಆಗಸ್ಟ್ 23, ರಾತ್ರಿ

ಸಿಕ್ಕಿತು.

ಮಧ್ಯಾಹ್ನ ಕರೆಂಟ್ ಇರಲಿಲ್ಲ, ಸೆಕೆ. ಗಾಳಿಗೆಂದು ಒಲೆಮನೆಯ ಹೊಸ್ತಿಲಲ್ಲಿ ಕೂತಿದ್ದೆ. ನಸೀಬ್ ಕೌರ್ ಪರಾತದಲ್ಲಿ ಮೆಕ್ಕೆಜೋಳದ ಹಿಟ್ಟು ಸುರಿದಳು. ಬಿಸಿನೀರು. ಆಮೇಲೆ ದೊಡ್ಡ ಪೀಪಾಯಿಯ ಮುಚ್ಚಳ ತೆಗೆದು ಒಂದು ಹಿಡಿ ಬೇರೆ ಹಿಟ್ಟು. ಬೆಳ್ಳಗೆ, ನುಣ್ಣಗೆ. ಎಷ್ಟು ಸಹಜವಾಗಿ ಹಾಕಿದಳೆಂದರೆ ಉಪ್ಪು ಹಾಕಿದ ಹಾಗೆ.

ಅದೇನು ಎಂದೆ.

"ಗೋಧಿ. ಅಂಟಿಗೆ. ಬರೀ ಮೆಕ್ಕೆಜೋಳ ಒಡೀತದೆ ಜೀ, ತಟ್ಟೋಕೇ ಬರಲ್ಲ. ನಮ್ಮಮ್ಮನೂ ಹಿಂಗೇ ಒಂದು ಹಿಡಿ ಸೇರಿಸ್ತಿದ್ದಳು." ಕೈ ನಿಂತಿತು. "ರೊಟ್ಟಿ ಮುರಿದಿದ್ರೆ ನೀವು ಹಂಗೇ ಎದ್ದು ಹೋಗ್ತೀರಿ ಅಂತ..."

ಅಂಟು. ಡಾಕ್ಟರ್ ಹೇಳಿದ್ದೂ ಅದೇ ಪದ.

ತಟ್ಟೆ ಎಸೆಯಬೇಕೆಂದು ಎತ್ತಿದ್ದೆ. ಕೈ ನಡುಗಿ ತಾನಾಗಿಯೇ ಬಿತ್ತು, ಎಸೆದ ಗೌರವವೂ ಸಿಗಲಿಲ್ಲ. ಅವಳು ತನ್ನ ಕೈಯ ಹಿಟ್ಟನ್ನೇ ನೋಡುತ್ತಾ ಕೂತಳು, ಕೈಯಲ್ಲಿ ಚೇಳು ಹಿಡಿದವಳ ಹಾಗೆ. ಗೋಧಿ ವಿಷ ಅಂದರೆ ಗುರುದ್ವಾರದ ಲಂಗರಿನ ಊಟದ ರೊಟ್ಟಿಯೂ ವಿಷವಾ, ಒಂದು ಹಿಡಿಗೆ ಏನಾಗುತ್ತೆ ಅಂದುಕೊಂಡೆ ಎಂದಳು.

ಸಂಜೆ ಪೀಪಾಯಿಯನ್ನು ಪಕ್ಕದ ಮನೆಗೆ ಉರುಳಿಸಿಕೊಂಡು ಹೋದಳು. ಪರಾತ, ಲಟ್ಟಣಿಗೆ ಬೂದಿ ಹಾಕಿ ತಿಕ್ಕಿದಳು. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ನಮ್ಮ ಮೆಕ್ಕೆಜೋಳ ಬೀಳುವುದು ಬೇಡವೆಂದು ಅಟ್ಟದಿಂದ ನನ್ನಮ್ಮನ ಬೀಸುಕಲ್ಲು ಇಳಿಸಿದಳು. ತಾನೂ ಗೋಧಿ ಬಿಟ್ಟಳು. ನೀನೇಕೆ ಬಿಡುತ್ತೀ ಎಂದರೆ ಬೀಸುಕಲ್ಲನ್ನು ಇನ್ನೊಮ್ಮೆ ಒರೆಸಿದಳು.

ರೊಟ್ಟಿ ನಾಲ್ಕು ಚೂರಾಗಿ ಬಂತು. ಗಾರೆ. ಅಷ್ಟೂ ತಿಂದೆ.

ಅಕ್ಟೋಬರ್ 30

ಆಯುಧ ಅರ್ಧಕ್ಕಿಳಿದಿದೆಯಂತೆ. ಮತ್ತೊಮ್ಮೆ ತಲೆಯ ಚಿತ್ರ ತೆಗೆದರು. ನಸೀಬ್ ಕೌರಳನ್ನು ಔಷಧಿ ಸಾಲಿಗೆ ಕಳಿಸಿ ಡಾಕ್ಟರ್ ಜೊತೆ ಒಬ್ಬನೇ ಮಾತಾಡಿದೆ. ಏನು ಹೇಳಿದಳೆಂದು ಬರೆಯುವ ಮನಸ್ಸಿಲ್ಲ.

ಹಿಂತಿರುಗುವಾಗ ಅಮರೋ ಮನೆ. ಡಾಕ್ಟರ ಕಾಗದ ತೋರಿಸಿದೆ. ರುಪಿಂದರ್ ಓದಿ ಅವಳಮ್ಮನಿಗೆ ಒಂದೇ ಮಾತು ಹೇಳಿದಳು.

"ಮಾಮಾಜೀ ಬಿದ್ರೂ ಪರವಾಗಿಲ್ಲ. ಬೇರೆಯೋರು ನಿಲ್ಲೋದು ಬೇಡ."

ನವೆಂಬರ್ 9, ಮದುವೆ

ಗಂಡಿನ ಮಾಮ ರಿಟೈರಾದ ಸುಬೇದಾರ. ಎತ್ತಿನ ಗಾಡಿಗೆ ಪಗಡಿ ಸುತ್ತಿದ ಹಾಗಿದ್ದ. ಅರ್ದಾಸ್ ಪ್ರಾರ್ಥನೆ ಮುಗಿಯಿತು. ಅಪ್ಪಂದಿರು ತಬ್ಬಿಕೊಂಡರು. "ಮಾಮಾಜೀ" ಎಂದು ಕೂಗಿದರು. ಕೋಲನ್ನು ನಸೀಬ್ ಕೌರಳ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ಹಾಕಿದೆ. ನೆಲ ಅಲ್ಲಾಡಿತು. ಅವರ ಕಡೆಯ ಹೆಂಗಸರು ಮೂಗಿಗೆ ದುಪಟ್ಟ ಒತ್ತಿಕೊಂಡದ್ದು ಕಂಡಿತು.

ಹಾರ ಅವನ ಕೊರಳಿಗೆ ಹಾಕಹೋದೆ, ಕಿವಿಗೆ ಸಿಕ್ಕಿತು. ತಬ್ಬಿದೆ. ಕಿವಿಯಲ್ಲಿ ಹೇಳಿದೆ, ಕುಡಿದಿಲ್ಲ ಸುಬೇದಾರಾ, ಮೂಸಿ ನೋಡು. ತಲೆಯ ಕಾಯಿಲೆ. ನನ್ನನ್ನು ಎತ್ತಿಬಿಡು.

ಮೂಸಿದ. ದೊಡ್ಡ ಮೂಗು. ಆಮೇಲೆ ಎತ್ತಿದ, ಮಗುವನ್ನು ಎತ್ತಿದ ಹಾಗೆ. ಕಾಲು ನೆಲ ಬಿಟ್ಟಿತು. ಅಷ್ಟು ತಿಂಗಳಲ್ಲಿ ಮೊದಲ ಸಲ ಎಲ್ಲವೂ ನಿಂತಿತು. ಮೇಲಿಂದ ನೋಡಿದೆ, ಪೆಂಡಾಲು ನೆಟ್ಟಗಿತ್ತು, ಜನ ನೆಟ್ಟಗಿದ್ದರು. ಸೋತ ಮಾಮನಿಗೆ ಗಂಡಿನ ಕಡೆಯವರು ಹೋ ಎಂದು ನಕ್ಕರು.

ಇಳಿಸಿದ ಮೇಲೂ ಅವನು ಹೆಗಲು ಬಿಡಲಿಲ್ಲ. ಊಟದವರೆಗೆ ತಬ್ಬಿಕೊಂಡೇ ನಡೆಸಿದ. ಎಂಥಾ ಪ್ರೀತಿ ಎಂದರು ಜನ. ತಮ್ಮ ಕಡೆಯವರಿಗೆ ಸುಬೇದಾರ ತಾನಾಗಿಯೇ ಹೇಳಿದನಂತೆ, ಈ ಮನುಷ್ಯನ ಬಾಯಲ್ಲಿ ಏಲಕ್ಕಿ ಬಿಟ್ಟು ಏನೂ ಇಲ್ಲ ಎಂದು.

ಸೋತೆ. ಊರೆದುರು. ಇಡೀ ರಾತ್ರಿ ಉಗಿದುಕೊಳ್ಳಬೇಕಾಗಿತ್ತು. ನಿದ್ದೆ ಬಂತು.

ನವೆಂಬರ್ 12

ರುಪಿಂದರ್ ಗಂಡನ ಮನೆಗೆ ಹೋದಳು. ನಾವೂ ಅಮರೋ ಮನೆಯಿಂದ ನಮ್ಮ ಮನೆಗೆ ಮರಳಿದೆವು. ನಸೀಬ್ ಕೌರ್ ಬೀಸುಕಲ್ಲಿನ ಮುಂದೆ ಕೂತು, ತಿರುಗಿಸದೆ, ಕೇಳಿದಳು.

"ನನ್ನ ಆ ಒಂದು ಹಿಡಿಯಿಂದ ನಿಮ್ಮದು ಎಷ್ಟು ಹೋಯ್ತು? ಡಾಕ್ಟರ್ ಏನಂದ್ರು?"

ಬಿಡಿಗಾಸೂ ಹೋಗಿಲ್ಲ ಎಂದೆ. ಮಾರ್ಚಿನಲ್ಲಿ ಎಷ್ಟು ಹೋಗಿತ್ತೋ ಈಗಲೂ ಅಷ್ಟೇ, ಆರಾಣೆ, ನನ್ನ ಮೆದುಳು ಕಬ್ಬಿಣ, ಐದು ನದಿ ಈಜಿದವನದು ಎಂದೆ. ಈ ಸಲ ನಂಬಿದಳು. ಕಲ್ಲು ತಿರುಗತೊಡಗಿತು.

ಹತ್ತಾಣೆ. ಡಾಕ್ಟರ್ ಹೇಳಿದ್ದು ಹತ್ತಾಣೆ. ಆರಲ್ಲ. ಮಿಕ್ಕ ನಾಲ್ಕು ಆ ಒಂದು ಹಿಡಿ ಗೋಧಿಯ ಪಾಲು.